ಪ್ರೇಮಕಥೆಗಳಲ್ಲಿ ಜೋಡಿಯ ವಯಸ್ಸಿನ ಅಂತರ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಕೇಳುವವರಲ್ಲಿ ಎರಡು ಬಗೆ. ಪ್ರೇಮಕಥೆ ಓದುವವರು, ಮತ್ತು ಬರೆಯಲು ಹೊರಟವರು. ನಾನು ಇಂಥ ಕಾದಂಬರಿಗಳ ಹಸ್ತಪ್ರತಿ ಓದಿ ತಿದ್ದುವವಳು. ಹಾಗಾಗಿ ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಧಾರಾಳವಾಗಿ ಸೇರಿಕೊಂಡಿದೆ. ಉದಾಹರಣೆಗೆ ತೆಗೆದುಕೊಂಡ ಹಳೆಯ ಕಾದಂಬರಿಗಳ ಕಥೆ ಕೆಲವು ಕಡೆ ಬಯಲಾಗುತ್ತದೆ. ಮೊದಲೇ ಹೇಳಿದ್ದೇನೆ, ಆಮೇಲೆ ಬೈಯಬೇಡಿ.

ಎಷ್ಟು ವರ್ಷ ಅಂತರ ಇದ್ದರೆ ಅದು ‘ಏಜ್ ಗ್ಯಾಪ್’ ಕಥೆ?

ಯಾರೂ ಗೆರೆ ಎಳೆದಿಟ್ಟಿಲ್ಲ. ಸಾಮಾನ್ಯವಾಗಿ ಹತ್ತು ವರ್ಷ ದಾಟಿದರೆ ಓದುಗರು ಆ ಹೆಸರಿಂದ ಕರೆಯುತ್ತಾರೆ. ಆದರೆ ಬರೀ ಕಳೆಯುವ ಲೆಕ್ಕದಿಂದ ಏನೂ ಗೊತ್ತಾಗುವುದಿಲ್ಲ. 19 ಮತ್ತು 26ರ ನಡುವೆ ಇರುವುದು ಏಳೇ ವರ್ಷ. ಆದರೆ ಅವಳು ಇನ್ನೂ ಪರೀಕ್ಷೆ ಬರೆಯುತ್ತಿದ್ದಾಳೆ. ಅವನು ಕೆಲಸಕ್ಕೆ ಸೇರಿ, ಒಂದು ಕೆಲಸ ಬಿಟ್ಟು, ಸ್ವಂತ ದುಡ್ಡಿನಲ್ಲಿ ಬಾಡಿಗೆ ಕಟ್ಟಿ, ಒಂದು ಪ್ರೀತಿ ಮುರಿದುಕೊಂಡು ಬಂದಿದ್ದಾನೆ. 52 ಮತ್ತು 64ರ ನಡುವೆ ಹನ್ನೆರಡು ವರ್ಷ ಇದೆ. ಆದರೂ ಇಬ್ಬರಿಗೂ ಬದುಕು ಗೊತ್ತು, ಇಬ್ಬರಿಗೂ ಮಂಡಿ ನೋವು.

ಜೇನ್ ಆಸ್ಟಿನ್‌ಳ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ನಾಯಕಿ ಎಲಿಜಬೆತ್‌ಗೆ 20, ನಾಯಕ ಡಾರ್ಸಿಗೆ 28. ಎಂಟು ವರ್ಷದ ಅಂತರ. ಅದನ್ನು ಯಾರೂ ವಯಸ್ಸಿನ ಅಂತರದ ಕಥೆ ಅನ್ನುವುದಿಲ್ಲ, ಯಾಕೆಂದರೆ ಅವರಿಬ್ಬರ ಜಗಳಕ್ಕೂ ವಯಸ್ಸಿಗೂ ಸಂಬಂಧವೇ ಇಲ್ಲ. ಕಥೆಯೊಳಗೆ ಅಂತರ ಏನಾದರೂ ಕೆಲಸ ಮಾಡುತ್ತಿದ್ದರೆ ಮಾತ್ರ ಆ ಹೆಸರು ಒಪ್ಪುತ್ತದೆ.

ಇದು ಈಚಿನ ಫ್ಯಾಷನ್ ಅಲ್ವಾ?

ಅಲ್ಲವೇ ಅಲ್ಲ. ಚ್ಯವನ ಮಹರ್ಷಿ ಮತ್ತು ಸುಕನ್ಯೆಯ ಕಥೆ ನೆನಪಿರಬೇಕು. ತಪಸ್ಸಿಗೆ ಕೂತು ಮೈಮೇಲೆ ಹುತ್ತ ಬೆಳೆದ ಮುದಿ ಋಷಿ. ಹುತ್ತದೊಳಗೆ ಮಿನುಗುತ್ತಿರುವುದು ಏನೆಂದು ಗೊತ್ತಾಗದೆ ಚುಚ್ಚಿದ ರಾಜಕುಮಾರಿ. ಅದು ಅವನ ಕಣ್ಣು. ಆ ತಪ್ಪಿಗೆ ಅಪ್ಪ ಶರ್ಯಾತಿ ಮಗಳನ್ನು ಅವನಿಗೇ ಮದುವೆ ಮಾಡಿಕೊಟ್ಟ. ಮುಂದೆ ಅಶ್ವಿನೀ ದೇವತೆಗಳು ಮುದುಕನನ್ನು ನೀರಿನಲ್ಲಿ ಮುಳುಗಿಸಿ ತರುಣನನ್ನಾಗಿ ಮಾಡಿದರು. ಮೂವರೂ ಒಂದೇ ರೂಪದಲ್ಲಿ ಮೇಲೆದ್ದರು. ಸುಕನ್ಯೆ ಸರಿಯಾಗಿ ಗಂಡನನ್ನೇ ಗುರುತಿಸಿ ಆರಿಸಿಕೊಂಡಳು.

ಕಥೆ ಸೊಗಸಾಗಿದೆ. ಆದರೆ ಅದು ವಯಸ್ಸಿನ ಗಂಟನ್ನು ಬಿಡಿಸಲಿಲ್ಲ, ವಯಸ್ಸನ್ನೇ ತೆಗೆದುಹಾಕಿತು. ಇವತ್ತಿನ ಎಷ್ಟೋ ಕಾದಂಬರಿಗಳು ಮಾಡುವುದೂ ಅದನ್ನೇ. ನಾಯಕನಿಗೆ 45 ಎಂದು ಮೊದಲ ಅಧ್ಯಾಯದಲ್ಲಿ ಹೇಳುತ್ತಾರೆ. ಆಮೇಲೆ ನೋಡಿದರೆ ಕಿವಿಯ ಹತ್ತಿರದ ನಾಲ್ಕು ಬಿಳಿ ಕೂದಲು ಬಿಟ್ಟು ಅವನು ಎಲ್ಲ ರೀತಿಯಲ್ಲೂ 25ರ ಹುಡುಗ. ಸುಸ್ತಾಗುವುದಿಲ್ಲ, ಬೆನ್ನು ಹಿಡಿದುಕೊಳ್ಳುವುದಿಲ್ಲ, ನಿದ್ದೆಗೆಟ್ಟರೆ ಮುಖ ಬಾಡುವುದಿಲ್ಲ. ಅಶ್ವಿನೀ ದೇವತೆಗಳ ಕೆಲಸವನ್ನು ಲೇಖಕರೇ ಸದ್ದಿಲ್ಲದೆ ಮುಗಿಸಿರುತ್ತಾರೆ.

ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಗಂಡಸರು ಅಷ್ಟೊಂದು ದೊಡ್ಡವರು ಯಾಕೆ?

ದುಡ್ಡು. ಆ ಕಾಲದ ಉಳ್ಳವರಲ್ಲಿ ಗಂಡು ಮದುವೆಯಾಗಬೇಕಾದರೆ ಆಸ್ತಿ ಕೈಗೆ ಬರಬೇಕು, ಇಲ್ಲವೇ ಉದ್ಯೋಗದಲ್ಲಿ ನೆಲೆ ಸಿಗಬೇಕು. ಅಷ್ಟರಲ್ಲಿ ವಯಸ್ಸು ಮುಂದೆ ಹೋಗಿರುತ್ತಿತ್ತು. ಮರ್ಯಾದಸ್ಥ ಮನೆಯ ಹೆಣ್ಣಿಗೆ ಸ್ವಂತ ಸಂಪಾದನೆಯ ದಾರಿ ತೀರಾ ಕಡಿಮೆ. ಹಾಗಾಗಿ ಅವಳು ಬೇಗ ಮದುವೆಯಾಗಬೇಕಿತ್ತು.

ಆದರೆ ಆ ಕಾದಂಬರಿಗಳು ಇದನ್ನು ಕಣ್ಣುಮುಚ್ಚಿ ಒಪ್ಪಿದ್ದವು ಎಂದುಕೊಳ್ಳಬೇಡಿ. ಜೇನ್ ಆಸ್ಟಿನ್ 1811ರಲ್ಲಿ ಪ್ರಕಟಿಸಿದ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯಲ್ಲಿ ಮೇರಿಯಾನ್‌ಗೆ ಶುರುವಿನಲ್ಲಿ 16, ಕರ್ನಲ್ ಬ್ರ್ಯಾಂಡನ್‌ಗೆ 35. ಆ ಹುಡುಗಿಯ ಲೆಕ್ಕದಲ್ಲಿ ಮೂವತ್ತೈದು ಎಂದರೆ ಮುಗಿದೇಹೋಯಿತು. ಅವನು ಮಾತಿನ ನಡುವೆ ಫ್ಲ್ಯಾನಲ್ ವೇಸ್ಟ್‌ಕೋಟ್ ಎಂದಿದ್ದನ್ನು ಅವಳು ಬಿಡುವುದೇ ಇಲ್ಲ. ಆ ಬೆಚ್ಚನೆಯ ಬಟ್ಟೆ ಅಂದರೆ ಅವಳಿಗೆ ಸಂಧಿವಾತ, ಮುದಿತನ. ತಮಾಷೆ ಏನೆಂದರೆ ಪುಸ್ತಕ ಹೊರಬಂದಾಗ ಬರೆದವಳಿಗೂ 35! ಕೊನೆಗೆ 19ರಲ್ಲಿ ಮೇರಿಯಾನ್ ಅವನನ್ನೇ ಮದುವೆಯಾಗುತ್ತಾಳೆ. ಅದು ಪ್ರೀತಿಯಾ, ರಾಜಿಯಾ ಎಂದು ಓದುಗರು ಇವತ್ತಿಗೂ ಕಿತ್ತಾಡುತ್ತಾರೆ. ನನ್ನ ಕೇಳಿದರೆ ಮುಕ್ಕಾಲು ಪಾಲು ರಾಜಿ.

ಜಾರ್ಜ್ ಎಲಿಯಟ್ ಇನ್ನೂ ಕಟು. 1871–72ರ ‘ಮಿಡಲ್‌ಮಾರ್ಚ್’ನಲ್ಲಿ ಇಪ್ಪತ್ತೂ ತುಂಬದ ಡೊರೊಥಿಯಾ, ನಲವತ್ತೈದು ದಾಟಿದ ಪಂಡಿತ ಕಸಾಬನ್‌ನನ್ನು ಮೆಚ್ಚಿ ಮದುವೆಯಾಗುತ್ತಾಳೆ. ದೊಡ್ಡವನು, ತಿಳಿದವನು, ಕಲಿಸುತ್ತಾನೆ ಎಂಬ ಆಸೆ ಅವಳದು. ಅವನು ಕಲಿಸುವುದಿಲ್ಲ. ಅನುಮಾನ ಪಡುತ್ತಾನೆ. ತಾನು ಸತ್ತ ಮೇಲೆ ಇಂಥವನನ್ನು ಮದುವೆಯಾದರೆ ಆಸ್ತಿ ಇಲ್ಲ ಎಂದು ಉಯಿಲಿನಲ್ಲಿ ಬರೆಸಿಟ್ಟು ಹೋಗುತ್ತಾನೆ.

‘ಅರ್ಧಕ್ಕೆ ಏಳು ಸೇರಿಸು’ ಅನ್ನುವ ನಿಯಮ ಕಥೆಗೂ ಅನ್ವಯಿಸುತ್ತದಾ?

ದೊಡ್ಡವರ ವಯಸ್ಸಿನ ಅರ್ಧಕ್ಕೆ ಏಳು ಕೂಡಿಸಿ, ಚಿಕ್ಕವರು ಅದಕ್ಕಿಂತ ಕಡಿಮೆ ಇರಬಾರದು ಎಂಬ ಬಾಯಿಲೆಕ್ಕ ಅದು. 30ಕ್ಕೆ 22, 40ಕ್ಕೆ 27, 50ಕ್ಕೆ 32. ಈ ಲೆಕ್ಕ ಹಿಡಿದರೆ ಜನ ಇಂದಿಗೂ ಎದೆಗೊತ್ತಿಕೊಂಡು ಓದುವ ಹಳೆಯ ಪ್ರೇಮಕಥೆಗಳಲ್ಲಿ ಅರ್ಧದಷ್ಟು ಫೇಲಾಗುತ್ತವೆ. ‘ಜೇನ್ ಐರ್’ನಲ್ಲಿ ನಾಯಕಿ ಜೇನ್‌ಗೆ 18, ಅವಳು ಪ್ರೀತಿಸುವ ರಾಚೆಸ್ಟರ್‌ಗೆ ಹತ್ತಿರ ಹತ್ತಿರ 40. ಸುಮ್ನೆ ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿ, ತೀರ್ಪು ಕೊಡಲು ಬೇಡ.

ಇಷ್ಟು ಅಂತರ ಅಂದಮೇಲೆ ಅದು ಶೋಷಣೆಯೇ ಅಲ್ವಾ?

ಆಗಬಹುದು. ಆಗಲೇಬೇಕೆಂದಿಲ್ಲ. ನಾನು ಹಸ್ತಪ್ರತಿ ಓದುವಾಗ ವಯಸ್ಸಿಗಿಂತ ಮೊದಲು ನೋಡುವುದು ಒಂದೇ: ಇಬ್ಬರಲ್ಲಿ ಚಿಕ್ಕವರು ನಾಳೆ ಬೆಳಿಗ್ಗೆ ‘ನನಗೆ ಇದು ಬೇಡ’ ಎಂದರೆ ಅವರಿಗೆ ಉಳಿಯುವುದೇನು? ಮನೆ ಯಾರದು, ಸಂಬಳ ಯಾರು ಕೊಡುತ್ತಾರೆ, ಗೆಳೆಯರು ಯಾರ ಕಡೆಯವರು, ಯಾವ ಗುಟ್ಟು ಯಾರಿಗೆ ಮಾತ್ರ ಗೊತ್ತು? ಎಲ್ಲ ಉತ್ತರವೂ ದೊಡ್ಡವರ ಕಡೆಗೇ ಬಿದ್ದರೆ, ಲೇಖಕರು ಅದನ್ನು ಎಷ್ಟೇ ಸಿಹಿಯಾಗಿ ಬರೆದಿದ್ದರೂ ಓದುವವರಿಗೆ ಉಸಿರುಕಟ್ಟುತ್ತದೆ.

ಈ ವಿಷಯದಲ್ಲಿ ‘ಜೇನ್ ಐರ್’ ಒಳ್ಳೆಯ ಪಾಠ. 1847ರ ಪುಸ್ತಕ. ಜೇನ್ ರಾಚೆಸ್ಟರ್‌ನ ಮನೆಯಲ್ಲಿ ಪಾಠ ಹೇಳಿಕೊಡುವ ಕೆಲಸದವಳು. ಅವನು ಯಜಮಾನ, ಶ್ರೀಮಂತ, ಮೇಲಾಗಿ ಬದುಕಿರುವ ಹೆಂಡತಿಯನ್ನು ಮುಚ್ಚಿಟ್ಟವನು. ದುಡ್ಡು, ಮನೆ, ಗುಟ್ಟು ಮೂರೂ ಅವನ ಹತ್ತಿರ. ಶಾರ್ಲೆಟ್ ಬ್ರಾಂಟೆ ಆ ಸ್ಥಿತಿಯಲ್ಲಿ ಮದುವೆ ಆಗಗೊಡುವುದಿಲ್ಲ. ಜೇನ್ ಮನೆ ಬಿಟ್ಟು ಹೋಗುತ್ತಾಳೆ, ಹಸಿದು ಬೀದಿಯಲ್ಲಿ ಬೀಳುತ್ತಾಳೆ. ಆಮೇಲೆ ಚಿಕ್ಕಪ್ಪನ 20,000 ಪೌಂಡ್ ಆಸ್ತಿ ಬರುತ್ತದೆ. ಅದನ್ನು ನಾಲ್ಕು ಪಾಲು ಮಾಡಿ ತಾನು 5,000 ಇಟ್ಟುಕೊಳ್ಳುತ್ತಾಳೆ. ಅವನು ಕಣ್ಣು ಕಳೆದುಕೊಂಡಿದ್ದಾನೆ, ಒಂದು ಕೈ ಇಲ್ಲ, ಮನೆ ಸುಟ್ಟಿದೆ, ಹೆಂಡತಿ ಸತ್ತಿದ್ದಾಳೆ. ಆಗ ಜೇನ್ ತಾನಾಗಿಯೇ ವಾಪಸ್ ಬರುತ್ತಾಳೆ. ವಯಸ್ಸಿನ ಅಂತರ ಮೊದಲ ದಿನ ಎಷ್ಟಿತ್ತೋ ಅಷ್ಟೇ ಇದೆ, ಒಂದು ದಿನವೂ ಕಡಿಮೆಯಾಗಿಲ್ಲ. ಬದಲಾಗಿದ್ದು ಉಳಿದೆಲ್ಲವೂ.

ನಾಯಕನನ್ನು ಕುರುಡು ಮಾಡಲೇಬೇಕು ಅಂತಲ್ಲ! ಅವಳ ಕೈಗೆ ಒಂದು ಕೆಲಸ, ತನ್ನದೇ ಒಂದು ಕೋಣೆ, ಕಷ್ಟಕ್ಕೆ ಫೋನ್ ಮಾಡಬಹುದಾದ ಒಬ್ಬ ಗೆಳತಿ ಕೊಟ್ಟರೂ ಅರ್ಧ ಸರಿಹೋಗುತ್ತದೆ.

ಹಾಗಾದರೆ ಓದುಗರಿಗೆ ಇಂಥ ಕಥೆ ಯಾಕೆ ಇಷ್ಟ?

ಬೇರೆ ಬೇರೆಯವರಿಗೆ ಬೇರೆ ಬೇರೆ ಕಾರಣ. ಸ್ಥಿರವಾದ ಮನುಷ್ಯ ಬೇಕು ಎಂಬ ಆಸೆ ಕೆಲವರಿಗೆ. ‘ಇದು ಕೂಡದು’ ಎಂದು ಊರೆಲ್ಲ ಹೇಳುವ ಪ್ರೀತಿಯಲ್ಲಿ ಇರುವ ಕಾವು ಇನ್ನು ಕೆಲವರಿಗೆ. ಜೀವನ ಮುಗಿಯಿತು ಅಂದುಕೊಂಡ ಐವತ್ತರ ಪಾತ್ರಕ್ಕೆ ಮತ್ತೆ ಎದೆ ಬಡಿದುಕೊಂಡರೆ ಅದೇ ವಯಸ್ಸಿನ ಓದುಗರಿಗೆ ಖುಷಿ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಿಕ್ಕವರಾಗಿದ್ದಾಗ ಬೇಗ ದೊಡ್ಡವರಾಗಬೇಕು ಅನಿಸುತ್ತದೆ. ಡ್ಯಾಫ್ನೆ ಡು ಮೊರಿಯೆ 1938ರಲ್ಲಿ ಬರೆದ ‘ರೆಬೆಕಾ’ದಲ್ಲಿ ಹೆಸರೇ ಇಲ್ಲದ ಆ ಹುಡುಗಿ, ತಾನು ಮೂವತ್ತಾರರ ಹೆಂಗಸಾಗಿ, ಕಪ್ಪು ಸ್ಯಾಟಿನ್ ಉಟ್ಟು, ಕೊರಳಿಗೆ ಮುತ್ತಿನ ಸರ ಹಾಕಿಕೊಂಡಿರಬಾರದಿತ್ತೇ ಎಂದು ಹಂಬಲಿಸುತ್ತಾಳೆ. ಅವಳಿಗೆ ಬೇಕಾಗಿರುವುದು ಬರೀ ತಾನು ಪ್ರೀತಿಸುವ, ತನಗಿಂತ ತುಂಬಾ ದೊಡ್ಡವನಾದ ಮ್ಯಾಕ್ಸಿಮ್ ಅಲ್ಲ, ಅವನ ಪಕ್ಕ ಅಳುಕಿಲ್ಲದೆ ನಿಲ್ಲುವ ವಯಸ್ಸು. ಇಡೀ ಪುಸ್ತಕದ ಭಯ ಆ ಒಂದು ಆಸೆಯಿಂದಲೇ ಹುಟ್ಟುತ್ತದೆ.

18 ತುಂಬಿತು ಅಂದರೆ ಸಾಕಾ?

ಇಬ್ಬರೂ ವಯಸ್ಕರಾಗಿರಲೇಬೇಕು. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಆದರೆ 18 ಅನ್ನುವುದು ಬಾಗಿಲು ದಾಟುವ ಅಳತೆ ಮಾತ್ರ, ಕಥೆ ಸರಿಯಾಗಿದೆ ಎಂಬುದಕ್ಕೆ ಸರ್ಟಿಫಿಕೇಟ್ ಅಲ್ಲ. ಹುಟ್ಟುಹಬ್ಬದ ಮರುದಿನವೇ ನಾಯಕ ಪ್ರೀತಿ ಹೇಳಿಕೊಂಡರೆ ಓದುಗರು ಹಿಂದಿನ ವರ್ಷ ಅವನ ತಲೆಯಲ್ಲಿ ಏನಿತ್ತು ಎಂದು ಕೇಳಿಯೇ ಕೇಳುತ್ತಾರೆ. ಕೇಳಬೇಕಾದ್ದೇ.

ಚಿಕ್ಕಂದಿನಿಂದ ನೋಡಿಕೊಂಡು ಬಂದವನು ಮುಂದೆ ಪ್ರೇಮಿಯಾಗುವ ಕಥೆಗಳಲ್ಲಿ ಈ ತೊಡಕು ಜಾಸ್ತಿ. ಆಸ್ಟಿನ್‌ಳ ‘ಎಮ್ಮಾ’ದಲ್ಲಿ ನೈಟ್ಲಿ ಅವಳಿಗಿಂತ 16 ವರ್ಷ ದೊಡ್ಡವನು. ಅವಳು ಹುಟ್ಟಿದಾಗಿನಿಂದ ಗೊತ್ತಿರುವವನು. ಕಾದಂಬರಿಯಲ್ಲಿ ಅವಳಿಗೆ ಹತ್ತಿರ ಹತ್ತಿರ 21. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಕೊನೆಗೆ ಅವನು, ನಿನಗೆ ಹದಿಮೂರು ಇದ್ದಾಗಿನಿಂದಲೇ ನಿನ್ನನ್ನು ಪ್ರೀತಿಸುತ್ತಿದ್ದೆ ಅನ್ನುವ ಅರ್ಥದ ಮಾತಾಡುತ್ತಾನೆ. ಆಗ ಅದು ತಮಾಷೆಯ ಸಲುಗೆಯ ಮಾತಾಗಿದ್ದಿರಬಹುದು. ಇವತ್ತಿನ ಓದುಗರು ಅಲ್ಲಿ ತಟಕ್ಕನೆ ನಿಲ್ಲುತ್ತಾರೆ. ಈಗ ಬರೆಯುವವರಿಗೆ ನನ್ನ ಸಲಹೆ: ಮೊದಲ ಪರಿಚಯವನ್ನೇ ಇಬ್ಬರೂ ದೊಡ್ಡವರಾದ ಮೇಲೆ ಇಡಿ. ಅಷ್ಟು ಮಾಡಿದರೆ ಮುಕ್ಕಾಲು ತಲೆನೋವು ಕಳೆಯುತ್ತದೆ. ಹಳೆಯ ಪರಿಚಯ ಕಥೆಗೆ ಬೇಕೇಬೇಕು ಅಂದರೆ ನಡುವೆ ಕೆಲವು ವರ್ಷ ಅವರನ್ನು ಬೇರೆ ಮಾಡಿ. ತಿರುಗಿ ಸಿಕ್ಕಾಗ ಅವನಿಗೆ ಅವಳ ಗುರುತೇ ಹತ್ತಬಾರದು. ಅವನ ಪ್ರೀತಿ ಆ ಹೊಸ ಹೆಂಗಸಿನ ಮೇಲೆ ಹುಟ್ಟಬೇಕು, ಹಳೆಯ ಮಗುವಿನ ನೆನಪಿನ ಮೇಲಲ್ಲ.

ನಾಯಕಿಯೇ ದೊಡ್ಡವಳಾದರೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ, ಯಾಕೆಂದರೆ ಇಲ್ಲಿ ಓದುಗರ ಬಣ್ಣವೂ ಬಯಲಾಗುತ್ತದೆ. ಗಂಡಿಗೆ 42, ಹೆಣ್ಣಿಗೆ 27 ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ತಿರುಗಿಸಿ ಬರೆದು ನೋಡಿ. ‘ಇವಳಿಗೇನು ಬಂತು?’, ‘ಅವನ ಕಣ್ಣು ದುಡ್ಡಿನ ಮೇಲೆ ಇರಬೇಕು’, ‘ಮಕ್ಕಳ ಕಥೆ?’ ಎಂದು ಶುರುವಾಗುತ್ತದೆ.

ಫ್ರೆಂಚ್ ಲೇಖಕಿ ಕೊಲೆಟ್ 1920ರಲ್ಲೇ ‘ಶೆರಿ’ ಬರೆದರು. ಲಿಯಾಗೆ 49, ಶೆರಿಗೆ 25. ವರ್ಷಗಟ್ಟಲೆಯ ಸಂಬಂಧ, ಆಮೇಲೆ ಅವನ ಮದುವೆ, ಮತ್ತೆ ಒಂದು ರಾತ್ರಿ ವಾಪಸ್. ಬೆಳಿಗ್ಗೆ ಅವಳು ಪೌಡರ್ ಹಾಕಿಕೊಳ್ಳುವ ಮೊದಲು ಅವನು ಅವಳನ್ನು ನೋಡಿಬಿಡುತ್ತಾನೆ. ಅಷ್ಟೇ ಸಾಕಾಗುತ್ತದೆ. ಒಬ್ಬ ದೊಡ್ಡ ನಾಯಕನಿಗೆ ಇಂಥ ಬೆಳಗನ್ನು ಯಾರೂ ಬರೆದುಕೊಡುವುದಿಲ್ಲ. ಅವನ ಸುಕ್ಕು ಅನುಭವ, ಇವಳ ಸುಕ್ಕು ನಷ್ಟ. ಈ ತಾರತಮ್ಯವನ್ನು ಕೊಲೆಟ್ ಮುಚ್ಚಿಡದೆ ತೋರಿಸಿದರು.

ನೂರು ವರ್ಷ ಆದಮೇಲೂ ಅಳುಕು ಹೋಗಿಲ್ಲ. 2017ರ ‘ದಿ ಐಡಿಯಾ ಆಫ್ ಯೂ’ ಕಾದಂಬರಿಯಲ್ಲಿ ಅವಳಿಗೆ 39, ಅವನಿಗೆ 20. 2024ರಲ್ಲಿ ಸಿನಿಮಾ ಬಂದಾಗ ಅವಳಿಗೆ 40, ಅವನಿಗೆ 24. ಅಂತರ ಮೂರು ವರ್ಷ ಕರಗಿತು. ಪುಸ್ತಕದ ನೋವಿನ ಕೊನೆಯೂ ಸಿನಿಮಾದಲ್ಲಿ ಮೆತ್ತಗಾಯಿತು.

ಬರೆಯುವವರು ಇಲ್ಲಿ ಎರಡು ಹಳ್ಳಕ್ಕೆ ಬೀಳುತ್ತಾರೆ. ಒಂದು, ಅವಳನ್ನು ಅಮ್ಮನ ಹಾಗೆ ಮಾಡುವುದು: ಅಡುಗೆ ಮಾಡಿ ಬಡಿಸಿ, ಅವನ ಜ್ವರಕ್ಕೆ ಒದ್ದೆ ಬಟ್ಟೆ ಇಡುವುದು. ಇನ್ನೊಂದು, ಪ್ರತಿ ಪುಟದಲ್ಲೂ ಅವಳ ಕೈಲಿ ‘ನನಗೆ ವಯಸ್ಸಾಯಿತು’ ಎಂದು ಹೇಳಿಸುವುದು. ಒಂದು ಸಲ ಹೇಳಿಸಿ. ಎರಡನೇ ಸಲಕ್ಕೆ ಅವನಿಗೆ ಬೇಜಾರಾಗಲಿ, ಅದೇ ಒಂದು ಒಳ್ಳೆಯ ಜಗಳ ಆಗುತ್ತದೆ.

ಮೇಷ್ಟ್ರು–ವಿದ್ಯಾರ್ಥಿನಿ, ಬಾಸ್–ಕೆಲಸದವರು, ಡಾಕ್ಟರ್–ರೋಗಿ?

ಇಲ್ಲಿ ಹುದ್ದೆಯ ತೂಕವೇ ಜಾಸ್ತಿ. ಮಾರ್ಕ್ಸ್ ಕೊಡುವ ಕೈ, ಸಂಬಳಕ್ಕೆ ಸಹಿ ಹಾಕುವ ಕೈ ಪ್ರೀತಿಗೆ ಚಾಚಿದರೆ ಚಿಕ್ಕವರ ‘ಹೂಂ’ ನಂಬುವುದು ಕಷ್ಟ. ಆ ಹುದ್ದೆಯ ಸಂಬಂಧ ಮೊದಲು ಮುಗಿಯಲಿ, ಆಮೇಲೆ ಕಥೆ ಶುರುವಾಗಲಿ.

ನಾನೂರು ವರ್ಷದ ರಕ್ತಪಿಶಾಚಿಗೆ ಏನು ಹೇಳುತ್ತೀರಿ?

ಅವನಿಗೆ ಯಾರೂ ಏನೂ ಹೇಳುವುದಿಲ್ಲ, ಅದೇ ವಿಚಿತ್ರ! ‘ಟ್ವೈಲೈಟ್’ನ ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ, ದೇಹಕ್ಕೆ ಮಾತ್ರ ಸದಾ 17. ಜನ ಮುಖ ನೋಡಿ ವಯಸ್ಸು ಲೆಕ್ಕ ಹಾಕುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇಂಥ ಪಾತ್ರ ಬರೆಯುವವರಲ್ಲಿ ನನ್ನ ದೂರು ಬೇರೆ: ನೂರಾರು ವರ್ಷ ಬದುಕಿದವನ ಮಾತಿನಲ್ಲಿ ಒಂದು ಹಳೆಯ ಪದ, ಒಂದು ಮರೆತ ಅಭ್ಯಾಸವೂ ಇಲ್ಲ ಅಂದರೆ ಹೇಗೆ?

ವಯಸ್ಸಿನ ಅಂತರವನ್ನು ಹೇಳದೆ ತೋರಿಸುವುದು ಹೇಗೆ?

‘ಅವರ ನಡುವೆ ಹದಿನೇಳು ವರ್ಷಗಳ ಅಂತರವಿತ್ತು’ ಎಂದು ಬರೆದರೆ ಓದುಗರು ಕೂಡಲೇ ಮರೆಯುತ್ತಾರೆ. ಕೈಗೆ ಸಿಗುವ ವಸ್ತುವಿನಲ್ಲಿ ತೋರಿಸಿ. ಅವಳು ತನ್ನ ಫೋನಿನಲ್ಲಿ ಒಂದು ಫೋಟೋ ತೋರಿಸುತ್ತಾಳೆ. ಅವನು ಫೋನನ್ನು ಮೆಲ್ಲಗೆ ದೂರ ಹಿಡಿಯುತ್ತಾನೆ, ಇನ್ನಷ್ಟು ದೂರ. ಕನ್ನಡಕ ಒಳಗಿನ ಕೋಣೆಯಲ್ಲಿದೆ, ತರಲು ಸಂಕೋಚ. ‘ಚೆನ್ನಾಗಿದೆ’ ಅನ್ನುತ್ತಾನೆ. ‘ಏನು ಚೆನ್ನಾಗಿದೆ, ಹೇಳಿ ನೋಡೋಣ’ ಎಂದು ಅವಳು ಕೇಳುತ್ತಾಳೆ. ಅವನು ಸಿಕ್ಕಿಬಿದ್ದು ನಗುತ್ತಾನೆ. ಹದಿನೇಳು ವರ್ಷ, ಅವನ ಅಭಿಮಾನ, ಅವಳ ತುಂಟತನ ಎಲ್ಲ ಬಂತಲ್ಲ?

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಅನುಕೂಲ ಇದೆ. ಯಾರು ಯಾರಿಗೆ ‘ನೀವು’, ಯಾರು ಯಾರಿಗೆ ‘ನೀನು’ ಅನ್ನುವುದು. ಅವನು ಅವಳಿಗೆ ‘ನೀನು’, ಅವಳು ಅವನಿಗೆ ‘ನೀವು, ಸರ್’ ಎಂದು ಶುರುವಾದರೆ ಮೇಲು–ಕೆಳಗು ಮೊದಲ ಸಾಲಿನಲ್ಲೇ ಕೂತಿರುತ್ತದೆ. ಅದು ಯಾವ ದಿನ ಮುರಿಯುತ್ತದೆ ಎಂದು ಮೊದಲೇ ಯೋಚಿಸಿ. ಹೆಚ್ಚಿನವರು ಅದನ್ನು ಮುತ್ತಿನ ಹೊತ್ತಿಗೆ ಮುರಿಯುತ್ತಾರೆ. ನನಗೆ ಜಗಳದಲ್ಲಿ ಮುರಿದರೆ ಇಷ್ಟ. ಕೋಪದಲ್ಲಿ ಅವಳ ಬಾಯಿಂದ ‘ನಿನಗೇನು ಗೊತ್ತು?’ ಎಂದು ಬಂದುಬಿಡುತ್ತದೆ. ಇಬ್ಬರೂ ಗಕ್ಕನೆ ಸುಮ್ಮನಾಗುತ್ತಾರೆ. ಮರುದಿನ ಅವಳು ಮತ್ತೆ ‘ನೀವು’ ಎಂದರೆ ಅವನಿಗೆ ಕಸಿವಿಸಿ. ಇನ್ನೊಂದು ದಾರಿಯೂ ಇದೆ: ಅವನೂ ಮೊದಲಿಂದ ಅವಳಿಗೆ ‘ನೀವು’ ಎನ್ನಲಿ. ಅಂಥ ನಾಯಕ ಓದುಗರಿಗೆ ತಕ್ಷಣ ಹಿಡಿಸುತ್ತಾನೆ.

ಹಳೆಯ ಹಾಡು ಗೊತ್ತಿಲ್ಲ ಎನ್ನುವ ಜೋಕ್ ಮಾತ್ರ ದಯವಿಟ್ಟು ಬೇಡ. ಸವೆದುಹೋಗಿದೆ.

ವಿರೋಧ ಮಾಡುವ ಪಾತ್ರ ಬೇಕೇ ಬೇಕಾ?

ಬೇಕು, ಆದರೆ ಖಳನಾಯಕ ಬೇಡ. ಕಿರುಚಾಡುವ ಅಪ್ಪನಿಗಿಂತ ಪರಿಣಾಮ ಬೀರುವುದು ದೊಡ್ಡವರ ಮಗ ಅಥವಾ ಮಗಳು. ಅವನ ಮಗಳಿಗೆ 22, ಪ್ರೇಯಸಿಗೆ 28 ಎಂದುಕೊಳ್ಳಿ. ಮಗಳು ಕೂಗಾಡುವುದಿಲ್ಲ. ‘ಅಪ್ಪಾ, ಅವರನ್ನು ನಾನು ಏನಂತ ಕರೀಲಿ?’ ಎಂದಷ್ಟೇ ಕೇಳುತ್ತಾಳೆ. ಆ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇಲ್ಲ. ವಿರೋಧಿಸುವವರ ಮಾತಿನಲ್ಲೂ ಸತ್ಯ ಇರಬೇಕು. ಇಲ್ಲದಿದ್ದರೆ ಜೋಡಿ ಗೆದ್ದರೂ ಗೆಲುವು ಅನಿಸುವುದಿಲ್ಲ.

ಸುಖಾಂತ್ಯವನ್ನು ಓದುಗರು ನಂಬುವಂತೆ ಮಾಡುವುದು ಹೇಗೆ?

ಓದುಗರ ಮನಸ್ಸು ತಾನಾಗಿಯೇ ಇಪ್ಪತ್ತು ವರ್ಷ ಮುಂದೆ ಓಡುತ್ತದೆ. ಇವಳಿಗೆ 50 ಆದಾಗ ಅವನಿಗೆ 70. ಮಕ್ಕಳು ಬೇಕಾ, ಬೇಡವಾ? ಅವನು ನಿವೃತ್ತನಾಗುವ ಹೊತ್ತಿಗೆ ಇವಳ ಕೆಲಸ ಏರುಗತಿಯಲ್ಲಿದ್ದರೆ ಊರು ಬದಲಾಯಿಸುವವರು ಯಾರು? ಕಾಯಿಲೆ ಬಿದ್ದರೆ? ಇವನ್ನು ಪಾತ್ರಗಳೇ ಒಂದು ಸಲ ಎದುರುಬದುರು ಕೂತು ಮಾತಾಡಿಬಿಟ್ಟರೆ ಸಾಕು. ಉತ್ತರ ಪೂರ್ತಿ ಸಿಗಬೇಕಿಲ್ಲ. ಮಾತೇ ಆಡದೆ ಮದುವೆ ಮಂಟಪಕ್ಕೆ ಓಡಿಸಿದರೆ ಕೊನೆಯ ಪುಟ ಸಿಹಿಯಾಗಿದ್ದರೂ ಬಾಯಲ್ಲಿ ನಿಲ್ಲುವುದಿಲ್ಲ.

ಇಂಥ ಕಥೆ ಓದಿ ಖುಷಿಪಡುವುದು ತಪ್ಪಾ?

ಇಲ್ಲ. ಕಥೆಯಲ್ಲಿ ಇಷ್ಟಪಟ್ಟಿದ್ದನ್ನೆಲ್ಲ ಮನೆಯಲ್ಲಿ ಬಯಸುತ್ತೇವೆ ಎಂದೇನಿಲ್ಲ. ಕೊಲೆಯ ಕಾದಂಬರಿ ಓದುವವರನ್ನು ಯಾರೂ ಹೀಗೆ ಕೇಳುವುದಿಲ್ಲವಲ್ಲ.

ಹಸ್ತಪ್ರತಿಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಯಾವುದು?

ಲೆಕ್ಕ. ನಿಜವಾಗಿಯೂ ಬರೀ ಲೆಕ್ಕ. ನಾಯಕನಿಗೆ 38, ಅವನ ಮಗನಿಗೆ 19, ಆದರೆ ಅವನು ಓದು ಮುಗಿಸಿ, ಐದು ವರ್ಷ ದುಡಿದು, ಆಮೇಲೆ ಮದುವೆಯಾದನಂತೆ. ಹೇಗೆ ಸಾಧ್ಯ? ನಾಯಕಿಗೆ 24, ಡಾಕ್ಟರ್ ಆಗಿ ಮೂರು ವರ್ಷದಿಂದ ತಜ್ಞೆ. ಮೂರನೇ ಅಧ್ಯಾಯದಲ್ಲಿ ಹನ್ನೆರಡು ವರ್ಷ ಇದ್ದ ಅಂತರ ಹತ್ತೊಂಬತ್ತನೇ ಅಧ್ಯಾಯದಲ್ಲಿ ಹದಿನಾಲ್ಕು. ಅಂತರದ ಮೇಲೇ ನಿಂತ ಕಥೆಯಲ್ಲಿ ಓದುಗರು ಇದನ್ನು ಹಿಡಿದೇ ಹಿಡಿಯುತ್ತಾರೆ. ಒಂದು ಹಾಳೆಯಲ್ಲಿ ವರ್ಷಗಳನ್ನು ಸಾಲಾಗಿ ಬರೆದು, ಪ್ರತಿ ವರ್ಷದ ಎದುರು ಇಬ್ಬರ ವಯಸ್ಸು, ಆಗ ಅವರು ಏನು ಮಾಡುತ್ತಿದ್ದರು ಎಂದು ಹಾಕಿಕೊಳ್ಳಿ. ಹುಟ್ಟಿದ ತಿಂಗಳೂ ಇರಲಿ. ಕಥೆ ಒಂದೂವರೆ ವರ್ಷ ನಡೆದರೆ ನಡುವೆ ಹುಟ್ಟುಹಬ್ಬ ಬರುತ್ತದೆ, ವಯಸ್ಸು ಬದಲಾಗುತ್ತದೆ.

ಈ ಹಾಳೆಯಿಂದ ಇನ್ನೊಂದು ಲಾಭ. ಅವನು ಮೊದಲ ಕೆಲಸಕ್ಕೆ ಸೇರಿದ ವರ್ಷದ ಎದುರು ಅವಳು ಆರನೇ ಕ್ಲಾಸು ಎಂದು ಬರೆದಾಗ ನಿಮಗೇ ಒಂದು ಕ್ಷಣ ಮುಜುಗರವಾಗಬಹುದು. ಆ ಮುಜುಗರವನ್ನು ಒರೆಸಬೇಡಿ, ಯಾವುದಾದರೂ ಪಾತ್ರಕ್ಕೆ ಕೊಡಿ.

ಬೆನ್ನುಡಿಯಲ್ಲಿ ವಯಸ್ಸು ಹಾಕಬೇಕಾ?

ಹಾಕಿ. ಇಂಥ ಕಥೆ ಹುಡುಕುವವರಿಗೆ ಸಿಗುತ್ತದೆ, ಬೇಡ ಅನ್ನುವವರು ದುಡ್ಡು ಕೊಟ್ಟು ಬೈಯುವುದು ತಪ್ಪುತ್ತದೆ. ‘ಪ್ರೌಢ ನಾಯಕ’, ‘ಪುಟ್ಟ ಹುಡುಗಿ’ ಎಂದೆಲ್ಲ ಬಳಸಿ ಬರೆಯಬೇಡಿ, ಅದರಲ್ಲೂ ಎರಡನೆಯದನ್ನು. ಅವಳಿಗೆ 29, ಅವನಿಗೆ 46 ಎಂದು ನೇರವಾಗಿ ಅಂಕಿಯಲ್ಲೇ ಬರೆಯಿರಿ.